ಎಫ್-150ಯ ಎಂಟು ಸ್ಪಾರ್ಕ್ ಪ್ಲಗ್ ನಾನೇ ಬಿಚ್ಚಿ ಹಾಕಿದ್ದು: ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಎಲ್ಲಾ ಪಿಕಪ್ಪಿಗೂ ಇದು ಹೊಂದೋದಿಲ್ಲ. ನನ್ ಹತ್ರ ಇರೋದು 2006ರ ಫೋರ್ಡ್ ಎಫ್-150, 5.4 ಲೀಟರ್ ವಿ8, ಟ್ರೈಟನ್ ಅಂತಾರಲ್ಲ, ಸಿಲಿಂಡರ್‌ಗೆ ಮೂರು ವಾಲ್ವ್ ಇರೋ ಇಂಜಿನ್ನು. ಇಲ್ಲಿ ಒಹಾಯೋದಲ್ಲಿ ಮನೆ ತಗೊಂಡ್ಮೇಲೆ ಹಿತ್ಲಿಗೆ ಮಣ್ಣು, ಬೇಲಿಗೆ ಹಲಗೆ ಅಂತ ಸಾಗಿಸೋಕೆ ಸೆಕೆಂಡ್‌ಹ್ಯಾಂಡಲ್ಲಿ ತಗೊಂಡಿದ್ದು. ಅರಸೀಕೆರೇಲಿ ನಮ್ ಭಾವ ಬೊಲೆರೊ ಪಿಕಪ್ ಓಡಿಸ್ತಾರೆ, ಅವ್ರಿಗೆ ಫೋನಲ್ಲಿ "ಪ್ಲಗ್ ಚೇಂಜ್ ಮಾಡ್ತಿದೀನಿ ಭಾವ" ಅಂದ್ರೆ "ಪಿಕಪ್ಪಿಗೆ ಎಲ್ಲಿಂದ ಬಂತಯ್ಯ ಪ್ಲಗ್ಗು" ಅಂದ್ರು. ಅವ್ರು ಹೇಳೋದೂ ಸರಿನೇ, ಅವ್ರದ್ದು 2.5 ಲೀಟರ್ ಡೀಸೆಲ್, ಕಿಡಿ ಹೊತ್ಸೋ ಕೆಲ್ಸವೇ ಇಲ್ಲ, ಗಾಳಿ ಒತ್ತಿದ ಬಿಸಿಗೇ ಡೀಸೆಲ್ ಹತ್ಕೊಳ್ಳತ್ತೆ. ಅಮೆರಿಕದಲ್ಲಿ ಪಿಕಪ್ ಅಂದ್ರೆ ಹೆಚ್ಚಾಗಿ ಪೆಟ್ರೋಲೇ. ಎಂಟು ಸಿಲಿಂಡರ್, ಎಂಟು ಪ್ಲಗ್, ಒಂದೊಂದರ ತಲೆ ಮೇಲೂ ಕಿಡಿಗೆ ಕರೆಂಟ್ ಕೊಡೋ ಒಂದೊಂದು ಕಾಯಿಲ್.

ಶುರುವಾಗಿದ್ದು ಹೀಗೆ: 40-45 ಮೈಲಿ ಸ್ಪೀಡಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರಾಗಿ ಇಟ್ಕೊಂಡು ಹೋಗ್ತಿದ್ರೆ, ಮೇಲಿನ ಗೇರಲ್ಲಿ, ಗಾಡಿ ಗಡಗಡ ಅಂತ ಅಲ್ಲಾಡೋದು. ಜೋರಾಗಿ ಒತ್ತಿದ್ರೆ ಸರಿ ಹೋಗೋದು. ಗೇರ್‌ಬಾಕ್ಸೇ ಹೋಯ್ತು ಅಂತ ಎಷ್ಟೋ ಜನ ಹೆದರ್ಕೊಳ್ಳೋದು ಇದಕ್ಕೇ. ಆಮೇಲೆ ಒಂದಿನ ಏರು ಹತ್ತುವಾಗ ಚೆಕ್ ಇಂಜಿನ್ ಲೈಟು ಮಿನುಗೋಕೆ ಶುರುವಾಯ್ತು. ಸುಮ್ನೆ ಉರೀತಿದ್ರೆ ನಿಧಾನಕ್ಕೆ ನೋಡ್ಕೋಬಹುದು, ಮಿನುಗ್ತಿದ್ರೆ ಕಾಯ್ಬಾರ್ದು, ಯಾಕಂದ್ರೆ ಉರೀದೆ ಉಳಿದ ಪೆಟ್ರೋಲು ಸೈಲೆನ್ಸರ್ ದಾರೀಲಿರೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಸುಟ್ಟು ಹಾಕತ್ತೆ, ಅದರ ಬೆಲೆ ಮುಂದೆ ಪ್ಲಗ್ ಖರ್ಚು ಏನೂ ಅಲ್ಲ. ಗಾಡಿ ಕಂಪ್ಯೂಟರಿನ ದೋಷದ ಕೋಡು ಓದೋ ಓಬಿಡಿ ರೀಡರ್ ಹಾಕಿ ನೋಡಿದ್ರೆ ಪಿ0304, ಅಂದ್ರೆ ನಾಲ್ಕನೇ ಸಿಲಿಂಡರ್ ಮಿಸ್‌ಫೈರ್, ಅದರಲ್ಲಿ ಪೆಟ್ರೋಲು ಸರಿಯಾಗಿ ಹತ್ಕೊಳ್ತಿಲ್ಲ. ನಾಲ್ಕರ ಕಾಯಿಲ್ ತೆಗ್ದು ಎರಡಕ್ಕೆ ಹಾಕ್ದೆ, ಎರಡರದ್ದು ನಾಲ್ಕಕ್ಕೆ. ಕೋಡು ನಾಲ್ಕರಲ್ಲೇ ಉಳೀತು. ಅಲ್ಲಿಗೆ ಕಾಯಿಲ್ ಮೇಲಿನ ಅನುಮಾನ ಹೋಯ್ತು, ಪ್ಲಗ್ಗೇ ಅಂತ ತೀರ್ಮಾನ. ಕಾಯಿಲ್ ಅಂಗ್ಡಿಗೆ ದುಡ್ಡು ಸುರಿಯೋಕ್ ಮುಂಚೆ ಇದೊಂದು ಮಾಡಿ, ಬಿಟ್ಟಿ ಪರೀಕ್ಷೆ.

ಈ ಇಂಜಿನ್ನಿನ ಪ್ಲಗ್ ಯಾಕೆ ಅಷ್ಟು ಹೆಸರುವಾಸಿ ಅಂದ್ರೆ, ಮಾಮೂಲಿ ಪ್ಲಗ್ಗಲ್ಲಿ ಥ್ರೆಡ್ ತುದೀಲಿರತ್ತೆ, ಥ್ರೆಡ್ ಮುಗಿದ್ರೆ ಪ್ಲಗ್ಗೂ ಹೆಚ್ಚುಕಮ್ಮಿ ಮುಗೀತು. ಇದರಲ್ಲಿ ಥ್ರೆಡ್ ಮೇಲಿದೆ, ಅದರ ಕೆಳಗೆ ಉದ್ದನೆ ತೆಳು ಕೊಳವೆ ಥರದ್ದು ಹೆಡ್ (ಸಿಲಿಂಡರ್‌ಗಳ ಮೇಲೆ ಮುಚ್ಚಳದ ಥರ ಕೂರೋ ಭಾಗ) ಒಳಗೆ ಇಳಿದಿರತ್ತೆ. ಆ ಕೊಳವೆ ಮೇಲಿನ ಭಾಗದ ಜೊತೆ ಒಂದೇ ಲೋಹ ಅಲ್ಲ, ಬೇರೆ ತುಂಡು, ಒತ್ತಿ ಕೂಡ್ಸಿರೋದು. ಲಕ್ಷ ಮೈಲಿ ತನಕ ಬದಲಾಯಿಸ್ಬೇಕಿಲ್ಲ ಅಂತ ಕಂಪನಿ ಲೆಕ್ಕ, ಅಷ್ಟ್ರಲ್ಲಿ ಕೊಳವೆಗೂ ಹೆಡ್ಡಿನ ತೂತಿಗೂ ಮಧ್ಯೆ ಕಾರ್ಬನ್ ತುಂಬಿ ಚಿಪ್ಪಿಗೆ ಕೊಬ್ರಿ ಕಚ್ಕೊಂಡಂಗೆ ಕಚ್ಕೊಂಡಿರತ್ತೆ. ನೀವು ಮೇಲಿಂದ ತಿರುಗ್ಸಿದ್ರೆ ಮೇಲಿನ ತುಂಡು ತಿರುಗತ್ತೆ, ಕೆಳಗಿನದ್ದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ, ಟಪ್ ಅಂತ ಎರಡು ತುಂಡು. ತಮಾಷೆ ಅಂದ್ರೆ ಇದಕ್ಕಿಂತ ಹಿಂದಿನ ಟು ವಾಲ್ವ್ ಟ್ರೈಟನ್ನಲ್ಲಿ ಸಮಸ್ಯೆ ಉಲ್ಟಾ, ಅದರಲ್ಲಿ ಹೆಡ್ಡಲ್ಲಿ ಥ್ರೆಡ್ ಕಮ್ಮಿ ಅಂತ ಓಡ್ತಾ ಓಡ್ತಾನೇ ಪ್ಲಗ್ ಹಾರ್ಕೊಂಡು ಹೊರಗೆ ಬರೋದು. ಅದು ಉಗೀತಿತ್ತು, ಇದು ಬಿಡೋದೇ ಇಲ್ಲ.

ಇದಕ್ಕೆ ಅಂತಾನೇ ಫೋರ್ಡಿನೋರು 08-7-6 ನಂಬರಿನ ಸರ್ವಿಸ್ ಬುಲೆಟಿನ್, ಅಂದ್ರೆ ಮೆಕ್ಯಾನಿಕ್‌ಗಳಿಗೆ ರಿಪೇರಿ ಹೇಗೆ ಮಾಡ್ಬೇಕು ಅನ್ನೋ ಸೂಚನೆ, ಬಿಟ್ಟಿದಾರೆ. ನಾನು ಅದನ್ನ ಓದೇ ಕೈ ಹಾಕಿದ್ದು. ಗ್ಯಾರೇಜಲ್ಲಿ ರೇಟ್ ಕೇಳಿದ್ದೆ, ಮಜೂರಿ ಒಂದು ಕಡೆ, ಮುರಿದ ಒಂದೊಂದು ಪ್ಲಗ್ಗಿಗೂ ಬೇರೆ ಚಾರ್ಜ್ ಅಂದ್ರು. ಅವ್ರನ್ನ ಬೈಯೋದಿಲ್ಲ, ಗಂಟೆ ಲೆಕ್ಕದಲ್ಲಿ ಕೆಲ್ಸ ಮಾಡೋರು ಒಂದು ಪ್ಲಗ್ ನೆನೀಲಿ ಅಂತ ಕಾಯ್ತಾ ಕೂರೋಕಾಗಲ್ಲ. ನಂಗೆ ಆಗತ್ತೆ. ಈ ಕೆಲ್ಸದಲ್ಲಿ ಬೇಕಿರೋದು ಕೈಚಳಕಕ್ಕಿಂತ ಪುರುಸೊತ್ತು, ಅದು ವೀಕೆಂಡಲ್ಲಿ ನನ್ ಹತ್ರ ಇತ್ತು.

ಸಾಮಾನು ಅಂದ್ರೆ 9/16 ಇಂಚಿನ ಪ್ಲಗ್ ಸಾಕೆಟ್, 3/8 ರಾಚೆಟ್ಟು, ಉದ್ದ ಗಿಡ್ಡ ಎಕ್ಸ್‌ಟೆನ್ಷನ್‌ಗಳು, ತಲೆ ವಾಲೋ ಥರದ್ದು ಒಂದು, ಕಾಯಿಲ್ ಬೋಲ್ಟಿಗೆ 7 ಎಂಎಂ ಸಾಕೆಟ್, ಬೇಕಾದಷ್ಟು ಬಿಗಿಯಾದಾಗ ಕ್ಲಿಕ್ ಅನ್ನೋ ಟಾರ್ಕ್ ರೆಂಚ್, ಗಾಳಿ ಊದೋಕೆ ಸಣ್ಣ ಕಂಪ್ರೆಸರ್, ತಲೆಗೆ ಕಟ್ಕೊಳ್ಳೋ ಲೈಟು. ಗಾಡಿ ಎತ್ತರ ಅಲ್ವಾ, ಸ್ಟೂಲ್ ಬೇಕೇ ಬೇಕು, ಫೆಂಡರ್ ಮೇಲೆ ಹಳೇ ಕಂಬಳಿ ಹಾಸಿ ಅದರ ಮೇಲೆ ಬೋರಲು ಮಲಗ್ಬೇಕು. ಬ್ಯಾಟರಿ ನೆಗೆಟಿವ್ ಬಿಚ್ಚಿಡಿ. ಮುರಿದ ತುಂಡು ಎಳೆಯೋಕೆ ಲೈಲ್ ಕಂಪನಿಯ 65600 ಅನ್ನೋ ಟೂಲ್ ಸಿಗತ್ತೆ, ಅದು ಒಳಗೆ ಉಳಿದ ಪ್ಲಗ್ಗಿನ ಪಿಂಗಾಣೀನ ಕೆಳಕ್ಕೆ ತಳ್ಳಿ, ಕೊಳವೆ ಗೋಡೆಗೆ ಥ್ರೆಡ್ ಕೊರ್ದು ಕಚ್ಕೊಂಡು ಮೇಲಕ್ಕೆ ಎಳ್ಯತ್ತೆ. ಅದನ್ನ ಮೊದ್ಲೇ ತರಿಸಿಟ್ಕೊಂಡಿದ್ದೆ, ಇದೇ ಗಾಡೀಲೇ ಆಫೀಸಿಗೆ ಹೋಗ್ಬೇಕು, ಅರ್ಧಕ್ಕೆ ನಿಂತ್ರೆ ಸೋಮವಾರ ಕತೆ ಮುಗೀತು.

ಬಾನೆಟ್ ಎತ್ತಿದ್ರೆ ಇಷ್ಟು ದೊಡ್ಡ ಗಾಡೀಲಿ ಜಾಗ ಎಲ್ಲೋಯ್ತು ಅನ್ಸತ್ತೆ. ಒಂದರಿಂದ ನಾಲ್ಕು ಪ್ಯಾಸೆಂಜರ್ ಕಡೆ, ಐದರಿಂದ ಎಂಟು ಡ್ರೈವರ್ ಕಡೆ, ಎರಡೂ ಮುಂದಿನಿಂದ ಹಿಂದಕ್ಕೆ ಎಣಿಸೋದು. ಒಂದು, ಎರಡು, ಐದು, ಆರು ಕಣ್ಣೆದುರೇ ಇವೆ, ಅವುಗಳ ಬಗ್ಗೆ ಹೇಳೋದೇನಿಲ್ಲ. ನಾಲ್ಕು ಮತ್ತು ಎಂಟು ವಿಂಡ್‌ಶೀಲ್ಡ್ ಕೆಳಗಿನ ತಗಡಿನ ಅಡೀಗೆ ಸೇರ್ಕೊಂಡಿವೆ. ಎಂಟರ ಕಡೆ ಬ್ರೇಕ್ ಬೂಸ್ಟರ್ ಡಬ್ಬ ಅಡ್ಡ, ನಾಲ್ಕರ ಕಡೆ ಹೀಟರ್ ಹೋಸು, ವೈರು. ಇಂಜಿನ್ನಿನ ಉದ್ದಕ್ಕೂ ಪೆಟ್ರೋಲ್ ಹಂಚೋ ಪೈಪು, ಫ್ಯೂಯೆಲ್ ರೈಲ್ ಬೇರೆ, ಕಾಯಿಲ್‌ನ ನೆಟ್ಟಗೆ ಎತ್ತೋಕಾಗಲ್ಲ, ಸ್ವಲ್ಪ ಎತ್ತಿ, ವಾಲ್ಸಿ, ತಿರುಗ್ಸಿ, ಹಂಗೆ ಈಚೆಗೆ ತರ್ಬೇಕು. ಮೊದ್ಲು ಏರ್ ಫಿಲ್ಟರಿಂದ ಬರೋ ದೊಡ್ಡ ಪೈಪ್ ಬಿಚ್ಚಿದ್ರೆ ಕೈಯಾಡೋಕೆ ಜಾಗ ಬರತ್ತೆ.

ಕಾಯಿಲ್ ಕನೆಕ್ಟರ್‌ಗಳು ಇಷ್ಟು ವರ್ಷದ ಬಿಸೀಗೆ ಬಿಸ್ಕತ್ತಾಗಿರತ್ವೆ, ಲಾಕನ್ನ ಒತ್ತಿ ಹಿಡ್ಕೊಂಡು ಕನೆಕ್ಟರ್ ಬಾಡಿ ಹಿಡಿದೇ ಎಳೀಬೇಕು, ವೈರ್ ಹಿಡಿದು ಅಲ್ಲ. ನಾಲ್ಕನೇದಕ್ಕೆ ನನ್ನ ಕೈ ಹೋಗುತ್ತೆ ಆದ್ರೆ ಬೆರಳು ಮಡಚೋಕಾಗಲ್ಲ. ಮಗಳು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿದ್ಳು, ಅವಳ ಕೈ ಸಣ್ಣದಲ್ವಾ, ಸ್ಟೂಲ್ ಹತ್ತಿಸ್ದೆ. "ಅಪ್ಪಾ ಯಾವ್ದು, ಈ ಗಂಟು ಥರ ಇರೋದಾ?" "ಹೂಂ ಪುಟ್ಟಾ, ಅದನ್ನೇ ಒತ್ತು, ಎಳೀಬೇಡ." ಒತ್ತಿ ಹಿಡ್ಕೊಂಡ್ಳು, ನಾನು ಹಿಂದಿಂದ ಎಳ್ದೆ, ಬಂತು.

ಕಾಯಿಲ್ ತೆಗೆದ್ಮೇಲೆ ಪ್ಲಗ್ ಇರೋ ಬಾವಿ ಒಳಗೆ ಚೆನ್ನಾಗಿ ಗಾಳಿ ಊದಿ. ಒಂದು ಮರಳ ಕಣ ಸಿಲಿಂಡರ್ ಒಳಗೆ ಬಿದ್ರೂ ಕೆಟ್ಟದ್ದೇ. ನಾಲ್ಕರ ಬಾವೀಲಿ ಕೂಲೆಂಟ್, ಅಂದ್ರೆ ಇಂಜಿನ್ ತಣ್ಣಗಿಡೋ ನೀರು, ಒಣಗಿದ ಕಲೆ ಇತ್ತು, ಹೀಟರ್ ಹೋಸಿನ ಕ್ಲಾಂಪ್ ಹತ್ರ ಜಿನುಗಿ ಕೆಳಗಿಳಿದಿದೆ. ಕೋಡು ನಾಲ್ಕರದ್ದೇ ಯಾಕೆ ಬಂತು ಅಂತ ಅಲ್ಲೇ ಗೊತ್ತಾಯ್ತು, ಒದ್ದೆ ಜಾಗದಲ್ಲಿ ಕಿಡಿ ತುದಿಗೆ ಹೋಗೋ ಬದ್ಲು ಪ್ಲಗ್ ತಲೆ ಮುಚ್ಚೋ ಕಾಯಿಲ್‌ನ ರಬ್ಬರ್ ಬೂಟಿನ ಪಕ್ಕದಿಂದಾನೇ ಇಂಜಿನ್ನಿನ ಲೋಹಕ್ಕೆ ಹಾರಿಬಿಡತ್ತೆ.

ಈಗ ಅಸಲಿ ಭಾಗ. ಬುಲೆಟಿನ್ ಹೇಳೋದು ಇಂಜಿನ್ ಪೂರ್ತಿ ತಣ್ಣಗಿರ್ಬೇಕು ಅಂತ. ಬಿಸಿ ಇರುವಾಗ ಬಿಚ್ಚು, ಸಲೀಸಾಗಿ ಬರತ್ತೆ ಅನ್ನೋರು ಇದಾರೆ, ಇಂಪ್ಯಾಕ್ಟ್ ಗನ್ ಹಾಕಿ ಒಂದೇ ಸಲಕ್ಕೆ ಹಾರಿಸೋರೂ ಇದಾರೆ. ಹೆಡ್ಡು ಅಲ್ಯೂಮಿನಿಯಂ, ಬಿಸೀಲಿ ಅದರ ಥ್ರೆಡ್ ಕಿತ್ಕೊಂಡು ಬಂದ್ರೆ ಪ್ಲಗ್ ಮುರಿಯೋದಕ್ಕಿಂತ ದೊಡ್ಡ ತಲೆನೋವು, ಅದಕ್ಕೆ ನಾನು ರಾತ್ರಿಯಿಡೀ ಆರೋಕೆ ಬಿಟ್ಟು ಬೆಳಗ್ಗೆ ಶುರು ಮಾಡಿದ್ದು. ಪ್ಲಗ್‌ನ ಒಂದು ಸುತ್ತಿನ ಎಂಟನೇ ಒಂದು ಭಾಗ, ಬಹಳ ಅಂದ್ರೆ ಕಾಲು ಸುತ್ತು ಸಡಿಲ ಮಾಡಿ. ಅಷ್ಟೇ. ಅಲ್ಲಿಗೆ ನಿಲ್ಸಿ. ಬಾವಿಗೆ ಕಾರ್ಬ್ಯುರೇಟರ್ ಕ್ಲೀನರ್ ಅರ್ಧ, ಮುಕ್ಕಾಲು ಟೀ ಚಮಚ ಬಿಡಿ. ಬುಲೆಟಿನ್ನಲ್ಲಿ ಫೋರ್ಡಿನದ್ದೇ ಬ್ರ್ಯಾಂಡಾದ ಮೋಟರ್‌ಕ್ರಾಫ್ಟಿನ ಟ್ಯೂನ್-ಅಪ್ ಕ್ಲೀನರ್ ಅಂತಾನೇ ಹೆಸ್ರು ಹೇಳಿದಾರೆ, ಬೇರೆ ಸ್ಪ್ರೇಗಳು ಸುಮಾರು ಬೇಗ ಆರಿಹೋಗ್ತವೆ. ಸಡಿಲ ಆದ ಥ್ರೆಡ್ ಸಂದೀಲಿ ಇಳಿದು ಕಾರ್ಬನ್ ತನಕ ಹೋಗಿ ಅದು ನೆನೀಬೇಕು, ಕಮ್ಮಿ ಅಂದ್ರೆ 15 ನಿಮಿಷ. ಆಗ ಪ್ಲಗ್ ಮುಟ್ಟಬಾರ್ದು. ನಾನು ಎಂಟಕ್ಕೂ ಬಿಟ್ಟು ಒಳಗೆ ಹೋಗಿ ಉಪ್ಪಿಟ್ಟು ತಿಂದು ಕಾಫಿ ಕುಡ್ಕೊಂಡೇ ಬಂದೆ. ಹಂಗಂತ ಡಬ್ಬಿಗಟ್ಟಲೆ ಸುರೀಬೇಡಿ, ಎಲ್ಲಾ ಸಿಲಿಂಡರ್ ಒಳಗೇ ಹೋಗೋದು, ದ್ರವ ತುಂಬ್ಕೊಂಡು ಪಿಸ್ಟನ್ ಮೇಲೆ ಬರೋಕಾಗ್ದೆ ಇಂಜಿನ್ ಲಾಕ್ ಆಗತ್ತೆ.

ಆಮೇಲೆ ಬಿಗಿ ಮಾಡೋದು, ಸಡಿಲ ಮಾಡೋದು, ಬಿಗಿ ಮಾಡೋದು, ಸಡಿಲ ಮಾಡೋದು. ಕಿರ್ರ್ ಅಂತ ಕೀರಲು ಶಬ್ದ ಬರತ್ತೆ ನೋಡಿ, ಮೈ ಜುಂ ಅನ್ನತ್ತೆ, ಮುರೀತು ಅಂತಾನೇ ಅನ್ಸೋದು, ಅದು ಮಾಮೂಲಿ. ಬಿಚ್ಚುವಾಗ ಸುಮಾರು 33 ಪೌಂಡ್-ಫೂಟ್ ಬಲ ಬೀಳಬಹುದು ಅಂತ ಬುಲೆಟಿನ್ ಲೆಕ್ಕ. ಅದಕ್ಕಿಂತ ತುಂಬಾ ಜಾಸ್ತಿ ಕೇಳ್ತು ಅಂದ್ರೆ ವಾಪಸ್ ಬಿಗಿ ಮಾಡಿ, ಇನ್ನೊಂದಷ್ಟು ಕ್ಲೀನರ್ ಹಾಕಿ, ಇನ್ನೊಂದು ಕಾಫಿ. ನಿಧಾನಕ್ಕೆ ಒಂದು ಹಂತದಲ್ಲಿ ಕೈಗೆ ಗೊತ್ತಾಗತ್ತೆ, ಹಿಡಿತ ಬಿಡ್ತು ಅಂತ. ಅಲ್ಲಿಂದ ಮುಂದೆ ಸಲೀಸು. ಏಳು ಒಂದು ದಾರಿ ಆದ್ರೆ ಎಂಟನೇದೇ ಒಂದು ದಾರಿ, ಅದಕ್ಕೆ ನೆನೆಸೋದು, ತಿರುಗ್ಸೋದು ಮತ್ತೆ ಮತ್ತೆ ಮಾಡಿ ಮಧ್ಯಾಹ್ನದ ಊಟ ಆದ್ಮೇಲೆ ಬಂತು. ಯಾವ್ದೂ ಮುರೀಲಿಲ್ಲ, ಲೈಲ್ ಟೂಲ್ ಪ್ಯಾಕೆಟ್ ಒಡೀದೆ ಅಂಗ್ಡಿಗೆ ವಾಪಸ್ ಹೋಯ್ತು.

ಹಿಂದಿನ ಪ್ಲಗ್‌ಗಳಿಗೆ ಒಂದು ಉಪಾಯ: ಸಾಕೆಟ್ಟು, ಎಕ್ಸ್‌ಟೆನ್ಷನ್ನು, ರಾಚೆಟ್ಟು ಎಲ್ಲಾ ಜೋಡಿಸ್ಕೊಂಡು ಒಳಗೆ ತೂರಿಸೋಕೆ ಹೋದ್ರೆ ಮೇಲಿನ ತಗಡು ಅಡ್ಡ ಬರತ್ತೆ. ಮೊದ್ಲು ಸಾಕೆಟ್‌ಗೆ ಗಿಡ್ಡ ಎಕ್ಸ್‌ಟೆನ್ಷನ್ ಹಾಕಿ ಬಾವೀಗೆ ಇಳಿಸಿ, ಆಮೇಲೆ ಅದರ ತಲೆಗೆ ಇನ್ನೊಂದು, ಕೊನೇಗೆ ರಾಚೆಟ್ಟು, ಅಲ್ಲೇ ಜೋಡಿಸ್ಕೊಳ್ಳಿ. ಒಳಗೆ ಹೋಗೋ ಜಾಯಿಂಟಿಗೆ ಒಂದು ಸುತ್ತು ಟೇಪ್ ಸುತ್ತಿಬಿಡಿ, ಇಲ್ಲಾಂದ್ರೆ ಎಳೆಯುವಾಗ ಸಾಕೆಟ್ ಪ್ಲಗ್ ಮೇಲೇ ಕೂತು ಎಕ್ಸ್‌ಟೆನ್ಷನ್ ಮಾತ್ರ ಈಚೆ ಬರತ್ತೆ.

ತೂತು ಖಾಲಿ ಆದ್ಮೇಲೆ ಒಳಗೆ ಉಳಿದ ಕ್ಲೀನರ್ ತೆಗೀಬೇಕು. ದಯವಿಟ್ಟು ವ್ಯಾಕ್ಯೂಮ್ ಕ್ಲೀನರ್ ಹಾಕ್ಬೇಡಿ, ಅದು ಹತ್ಕೊಳ್ಳೋ ದ್ರವ, ಮೋಟರ್ ಒಳಗೆ ಕಿಡಿ ಇರತ್ತೆ. ನಾನು ಫ್ಯೂಯೆಲ್ ಪಂಪಿನ ರಿಲೇ ಕಿತ್ತು, ಕಾಯಿಲ್ ಎಲ್ಲಾ ಬಿಚ್ಚೇ ಇಟ್ಟು, ತೂತುಗಳ ಮೇಲೆ ಹಳೇ ಟವೆಲ್ ಹಾಸಿ, ಬ್ಯಾಟರಿ ಕೂಡ್ಸಿ ಒಂದೆರಡು ಸೆಕೆಂಡು ಸೆಲ್ಫ್ ಹೊಡ್ದೆ. ಇದ್ದಬದ್ದದ್ದೆಲ್ಲಾ ಟವೆಲ್‌ಗೆ ಬಂತು. ಬ್ಯಾಟರಿ ಮತ್ತೆ ಬಿಚ್ಚಿದೆ.

ಹೊಸದಕ್ಕೆ ಯಾವ ಪ್ಲಗ್ ಅನ್ನೋದ್ರಲ್ಲಿ ಎರಡು ಪಕ್ಷ ಇದೆ. ಒರಿಜಿನಲ್ ಮೋಟರ್‌ಕ್ರಾಫ್ಟೇ ಹಾಕಿ, ಕೊಳವೆಗೆ ನಿಕಲ್ ಆಂಟಿ-ಸೀಜ್ (ಲೋಹ ಕಚ್ಕೊಳ್ದಂಗೆ ತಡೆಯೋ ಪೇಸ್ಟು) ಸವರಿ, ಮುಂದಿನ ಸಲ ಬೇಗ ಬಿಚ್ಚಿದ್ರಾಯ್ತು ಅನ್ನೋದು ಒಂದು. ಚಾಂಪಿಯನ್‌ನೋರು ಒಂದೇ ತುಂಡಿನ ಪ್ಲಗ್ ಮಾಡ್ತಾರೆ, ಅದನ್ನ ಹಾಕಿ ಅನ್ನೋದು ಇನ್ನೊಂದು. ನಾನು ಎರಡನೇ ಪಕ್ಷ. ಒಂದೇ ತುಂಡಾದ್ರೂ ಕಾರ್ಬನ್ ಕಟ್ಟೋದು ತಪ್ಪಲ್ಲ, ಆದ್ರೆ ಮಧ್ಯಕ್ಕೆ ಬಿಟ್ಕೊಳ್ಳೋ ಜಾಯಿಂಟೇ ಇಲ್ವಲ್ಲ. ಅದಕ್ಕೂ ಕೊಳವೆ ಭಾಗಕ್ಕೆ ನಿಕಲ್ ಆಂಟಿ-ಸೀಜ್ ತೆಳುವಾಗಿ ಸವರ್ದೆ, ತುದೀಗೂ ಮುಟ್ಟಿಸ್ಬಾರ್ದು, ಥ್ರೆಡ್ಡಿಗೂ ಮುಟ್ಟಿಸ್ಬಾರ್ದು. ಥ್ರೆಡ್ ಜಾರಿಕೆ ಆದ್ರೆ ಟಾರ್ಕ್ ರೆಂಚ್ ಕ್ಲಿಕ್ ಅನ್ನೋಷ್ಟೊತ್ತಿಗೆ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗಿರತ್ತೆ. ಹೊಸ ಪ್ಲಗ್ಗಿನ ತಲೆಗೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ, ಬೆರಳಲ್ಲೇ ತಿರುಗಿಸ್ತಾ ಕೂರಿಸಿ, ಥ್ರೆಡ್ ಅಡ್ಡ ಹತ್ತಿದ್ರೆ ಪೈಪೇ ಜಾರಿಬಿಡತ್ತೆ, ಹೆಡ್ ಬಚಾವ್. ಕೊನೇಲಿ ಟಾರ್ಕ್ ರೆಂಚಲ್ಲಿ 25 ಪೌಂಡ್-ಫೂಟ್, ಅಂದ್ರೆ 34 ನ್ಯೂಟನ್ ಮೀಟರ್. "ಓ ಪುಟ್ಟಾ, ಕ್ಲಿಕ್ ಅಂದ್ರೆ ಹೇಳು" ಅಂತ ಮಗಳಿಗೆ ಕೆಲ್ಸ ಕೊಟ್ಟಿದ್ದೆ, ಎಂಟು ಸಲಾನೂ ಕೂಗಿದ್ಳು.

ಕಾಯಿಲ್‌ಗಳನ್ನ ಹಾಗೇ ಇಟ್ಕೊಂಡೆ, ಒಳಗಿನ ರಬ್ಬರ್ ಬೂಟು ಮತ್ತು ಸ್ಪ್ರಿಂಗ್ ಮಾತ್ರ ಹೊಸದು, ಒಳಗಡೆ ಒಂಚೂರು ಡೈಎಲೆಕ್ಟ್ರಿಕ್ ಗ್ರೀಸು, ಅಂದ್ರೆ ಕರೆಂಟ್ ಹಾಯ್ದೇ ಇರೋ ಗ್ರೀಸು. ಬಿಚ್ಚಿದ ಹಳೇ ಪ್ಲಗ್‌ಗಳಲ್ಲಿ ಎಲೆಕ್ಟ್ರೋಡ್ ಸವೆದು ಗ್ಯಾಪ್ ಕಣ್ಣಿಗೇ ಕಾಣೋಷ್ಟು ಅಗಲ ಆಗಿತ್ತು, ನಾಲ್ಕರ ಪಿಂಗಾಣಿ ಮೇಲೆ ಕಿಡಿ ಹಾರಿದ ಕರೀ ಗೆರೆ ಬೇರೆ. ಎಲ್ಲಾ ಕೂಡಿಸಿ ರಿಲೇ ಹಾಕಿ ಸ್ಟಾರ್ಟ್ ಮಾಡಿದ್ರೆ ಸೈಲೆನ್ಸರಿಂದ ಬುಸು ಬುಸು ಬಿಳೀ ಹೊಗೆ, ಉಳಿದ ಕ್ಲೀನರ್ ಉರಿಯೋದು ಅದು, ಸ್ವಲ್ಪ ಹೊತ್ತಲ್ಲಿ ನಿಂತೋಯ್ತು. ಗಡಗಡ ಹೋಗಿದೆ, ಕೋಡು ಅಳಿಸಿದ್ದು ವಾಪಸ್ ಬಂದಿಲ್ಲ.

ಕ್ಲೀನರ್ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಇಂಜಿನ್ ಆಯಿಲಿಗೂ ಇಳಿದಿರತ್ತೆ, ಅದಕ್ಕೆ ಮಾರನೇ ದಿನಾನೇ ಆಯಿಲ್ ಮತ್ತೆ ಫಿಲ್ಟರ್ ಬದಲಾಯಿಸ್ದೆ, ನೀವೂ ಅದನ್ನ ಮುಂದಕ್ಕೆ ಹಾಕ್ಬೇಡಿ. ಹೀಟರ್ ಹೋಸಿನ ಕ್ಲಾಂಪ್ ಸದ್ಯಕ್ಕೆ ಬಿಗಿ ಮಾಡಿದೀನಿ, ಹೋಸೇ ಬದಲಾಯಿಸ್ಬೇಕು, ಚಳಿಗಾಲಕ್ಕೆ ಮುಂಚೆ ಮಾಡ್ತೀನಿ, ಇಲ್ಲಾಂದ್ರೆ ಹೊಸ ಪ್ಲಗ್ ಮೇಲೂ ಅದೇ ನೀರು ಬೀಳೋದು.