ಸಕ್ಕರೆ ಕಾಫಿ ಕುಡಿದರೆ ಆಯಸ್ಸು ಜಾಸ್ತಿಯಾ? ಕ್ಲಿನಿಕ್‌ನಲ್ಲಿ ನಾನು ಹೇಳುವುದು ಇಷ್ಟು

ಕೊಡಗಿನ ಗೋಣಿಕೊಪ್ಪದ ಕಡೆ ಕ್ಲಿನಿಕ್ ಇಟ್ಟುಕೊಂಡವರಿಗೆ ಕಾಫಿ ಪ್ರಶ್ನೆ ತಪ್ಪಿದ್ದಲ್ಲ. ಕಾಫಿ ಬೆಳೆಯುವವರೂ ಇಲ್ಲಿಯ ಜನವೇ, ಕುಡಿಯುವವರೂ ಅವರೇ. 2022ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಸ್ವಲ್ಪ ಸಕ್ಕರೆ ಹಾಕಿದ ಕಾಫಿ ಕುಡಿಯುವವರಲ್ಲೂ ಸಾವಿನ ಪ್ರಮಾಣ ಕಡಿಮೆ ಅಂತ. ವಾಟ್ಸಾಪ್‌ಗೆ ಅಷ್ಟು ಸಿಕ್ಕಿದ್ದೇ ಸಾಕಾಯಿತು. ಶುಗರ್ ಇರುವ ತೋಟದ ಯಜಮಾನರೊಬ್ಬರು ಮೊಬೈಲ್ ಮುಂದೆ ಹಿಡಿದು, "ನೋಡಿ ಡಾಕ್ಟ್ರೇ, ನಿಮ್ಮವರೇ ಬರೆದಿದ್ದಾರೆ" ಅಂದರು.

ಇಂಥ ಲೇಖನ ಕೈಗೆ ಬಂದಾಗ ನಾನು ತೀರ್ಮಾನದಿಂದ ಶುರು ಮಾಡುವುದಿಲ್ಲ. ಯಾರನ್ನು ನೋಡಿದ್ದಾರೆ, ಹೇಗೆ ನೋಡಿದ್ದಾರೆ ಅನ್ನುವುದು ಮೊದಲು. ಇದರಲ್ಲಿದ್ದವರು ಬ್ರಿಟನ್ನಿನ 1,71,616 ಜನ. ಶುರುವಿನಲ್ಲಿ ಹೃದಯದ ಕಾಯಿಲೆಯಾಗಲಿ ಕ್ಯಾನ್ಸರ್ ಆಗಲಿ ಇಲ್ಲದವರು. ಸುಮಾರು 7 ವರ್ಷ ಅವರ ಲೆಕ್ಕ ಇಟ್ಟಿದ್ದಾರೆ. ದಿನಕ್ಕೆ ಒಂದೂವರೆಯಿಂದ ಮೂರೂವರೆ ಕಪ್ ಸಕ್ಕರೆ ಕಾಫಿ ಕುಡಿಯುವವರಲ್ಲಿ ಸಾವಿನ ಅಪಾಯ, ಕಾಫಿಯನ್ನೇ ಮುಟ್ಟದವರಿಗಿಂತ ಶೇ 29ರಿಂದ 31ರಷ್ಟು ಕಡಿಮೆ. ಸಕ್ಕರೆ ಇಲ್ಲದ ಕಾಫಿಯವರಲ್ಲಿ ಶೇ 16ರಿಂದ 21.

ಈಗ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ಸಕ್ಕರೆ ಹಾಕಿದರೇ ಲಾಭ ಜಾಸ್ತಿ ಅನ್ನುವ ಹಾಗಿದೆ, ಅಲ್ವಾ? ಸಕ್ಕರೆ ಆಯಸ್ಸು ಹೆಚ್ಚಿಸುತ್ತದೆ ಅಂತ ಯಾವ ವೈದ್ಯನೂ ಹೇಳಲಾರ. ಅಂದರೆ ಈ ಗುಂಪುಗಳ ನಡುವೆ ಕಾಫಿ ಬಿಟ್ಟು ಬೇರೇನೋ ವ್ಯತ್ಯಾಸ ಇರಬಹುದು. ಯಾರಿಗೂ ಇಷ್ಟು ಕಾಫಿ ಕುಡಿಯಿರಿ ಅಂತ ಕೊಟ್ಟು ನೋಡಿದ ಪ್ರಯೋಗ ಇದಲ್ಲ. ಏನು ಕುಡಿದಿರಿ ಅಂತ ಕೇಳಿ ಬರೆದುಕೊಂಡದ್ದು. ನನ್ನ ಕ್ಲಿನಿಕ್‌ನಲ್ಲೇ ನೋಡಿ: ಎದೆ ಹೊಡೆದುಕೊಳ್ಳುತ್ತದೆ ಅಂತ ಒಬ್ಬರು ಕಾಫಿ ಬಿಡುತ್ತಾರೆ, ಹೊಟ್ಟೆ ಉರಿ ಅಂತ ಇನ್ನೊಬ್ಬರು, ಬಿಪಿ ಅಂತ ಮತ್ತೊಬ್ಬರು. ‘ಕಾಫಿ ಕುಡಿಯದವರು’ ಅನ್ನುವ ಸಾಲಿನಲ್ಲಿ ಇಂಥವರೂ ಕೂತಿರುತ್ತಾರೆ. ಅವರ ಪಕ್ಕ ಕಾಫಿ ಕುಡಿಯುವವರು ಸಹಜವಾಗಿ ಗಟ್ಟಿಮುಟ್ಟಾಗಿ ಕಾಣುತ್ತಾರೆ. ಸಂಶೋಧಕರು ಲೆಕ್ಕದಲ್ಲಿ ಇದನ್ನು ಸರಿದೂಗಿಸಲು ನೋಡುತ್ತಾರೆ, ಪೂರ್ತಿ ಆಗುವುದಿಲ್ಲ.

ಹಾಗಂತ ಲೇಖನವನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಯುರೋಪಿನ 10 ದೇಶಗಳ 5 ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ ಬಂದಿತ್ತು. ಅದರ ಜೊತೆಗೇ ಅಮೆರಿಕದ ಬೇರೆ ಬೇರೆ ಜನಾಂಗದ 1,85,855 ಮಂದಿಯದ್ದೂ. ಎರಡೂ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಕಾಫಿ ಕುಡಿಯುವವರಲ್ಲಿ ಸಾವಿನ ಪ್ರಮಾಣ ಕಡಿಮೆ ಅಂತ. ಹಾಗಾಗಿ ನನ್ನ ಲೆಕ್ಕ ಸರಳ: ಹಿತಮಿತವಾದ ಕಾಫಿಯಿಂದ ಹೆಚ್ಚಿನವರಿಗೆ ತೊಂದರೆ ಇಲ್ಲ ಅನ್ನುವುದನ್ನು ನಂಬುತ್ತೇನೆ. ಕಾಫಿ ಔಷಧ ಅನ್ನುವುದನ್ನು ನಂಬುವುದಿಲ್ಲ. ಕಾಫಿ ಕುಡಿಯದವರಿಗೆ ಶುರು ಮಾಡಿ ಅಂತ ಹೇಳುವುದೂ ಇಲ್ಲ.

ಕಪ್ ಅಂದರೆ ಯಾವ ಕಪ್ ಅನ್ನುವುದು ಇಲ್ಲಿ ಮುಖ್ಯ. ಬ್ರಿಟನ್ನಿನ ಆ ಅಧ್ಯಯನದಲ್ಲಿ ಸಕ್ಕರೆ ಕಾಫಿಯವರು ಕಪ್ಪಿಗೆ ಹಾಕಿಕೊಂಡದ್ದು ಸರಾಸರಿ ಒಂದು ಟೀ ಚಮಚ ಸಕ್ಕರೆ. ನಮ್ಮಲ್ಲಿ ಬೆಲ್ಲದ ಕಾಫಿ. "ಎಷ್ಟು ಬೆಲ್ಲ?" ಅಂತ ಕೇಳಿದರೆ "ಸ್ವಲ್ಪ" ಅನ್ನುತ್ತಾರೆ. ಬೆರಳಲ್ಲಿ ತೋರಿಸಿ ಅಂದರೆ ಆ ಸ್ವಲ್ಪ ನಿಂಬೆಹಣ್ಣಿನ ಗಾತ್ರಕ್ಕೆ ಬರುತ್ತದೆ! "ಬೆಲ್ಲ ಅಲ್ವಾ ಡಾಕ್ಟ್ರೇ, ಸಕ್ಕರೆ ಅಲ್ಲವಲ್ಲ" ಅನ್ನುವ ಮಾತು ಬೇರೆ. ಶುಗರ್ ಇರುವವರಿಗೆ ಎರಡೂ ಒಂದೇ. ಆ ಯಜಮಾನರಿಗೂ ಹೇಳಿದ್ದು ಇದನ್ನೇ: ಕಾಫಿ ಇರಲಿ, ಬೆಲ್ಲ ಬೇಡ.

ಮಾಡುವ ಬಗೆಯೂ ಬೇರೆ. ಪಾತ್ರೆಯಲ್ಲಿ ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಕೆಫೆಸ್ಟಾಲ್ ಅನ್ನುವ ಎಣ್ಣೆಯಂಥ ಅಂಶ ಉಳಿಯುತ್ತದೆ. ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಪೇಪರ್ ಫಿಲ್ಟರ್‌ನಲ್ಲಿ ಅದು ಬಹುಪಾಲು ನಿಲ್ಲುತ್ತದೆ. ಕೊಲೆಸ್ಟ್ರಾಲ್ ಇಳಿಯದವರಿಗೆ ಮಾತ್ರೆ ಹೆಚ್ಚಿಸುವ ಮೊದಲು ಮನೆಯಲ್ಲಿ ಕಾಫಿ ಹೇಗೆ ಮಾಡುತ್ತೀರಿ ಅಂತ ಕೇಳುತ್ತೇನೆ. ಇನ್ನು ಕಾಫಿಯಲ್ಲಿ ಅರೇಬಿಕಾ, ರೋಬಸ್ಟಾ ಅಂತ ಎರಡು ಮುಖ್ಯ ಜಾತಿ. ಕೊಡಗಿನ ಬೆಳೆಯಲ್ಲಿ ಹೆಚ್ಚಿನದು ರೋಬಸ್ಟಾ. ಅದರಲ್ಲಿ ಕೆಫೀನ್ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು. ಸಂಜೆ ಒಂದು ದೊಡ್ಡ ಲೋಟ ಇಳಿಸಿ, ನಿದ್ದೆ ಬರುವುದಿಲ್ಲ ಅಂತ ಮಾತ್ರೆ ಕೇಳುವವರಿಗೆ ಮೊದಲು ಆ ಲೋಟ ಬಿಡಿಸುತ್ತೇನೆ. ಬಸುರಿಯರಿಗಂತೂ ಕೆಫೀನ್ ಕಡಿಮೆಯೇ ಇರಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರ ಯಾವ ಫಾರ್ವರ್ಡ್‌ನಲ್ಲೂ ಇಲ್ಲದ ವಿಷಯ. ಲೈನ್ ಮನೆಗಳಿಂದ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳಿಂದ, ಬರುವ ಹೆಂಗಸರಲ್ಲಿ ರಕ್ತಹೀನತೆ ಜಾಸ್ತಿ. ಕಬ್ಬಿಣದ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಾರೆ. ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತವೆ. ಥೈರಾಯ್ಡ್ ಮಾತ್ರೆಯದ್ದೂ ಅದೇ ಕಥೆ. ಅದನ್ನು ಬರೀ ನೀರಿನಲ್ಲಿ ತೆಗೆದುಕೊಂಡು, ಕಾಫಿಗೆ ಅರ್ಧದಿಂದ ಒಂದು ಗಂಟೆ ತಡೆಯಬೇಕು. ಕೊಯ್ಲಿನ ಸಮಯದಲ್ಲಿ ಬೆಳಕು ಹರಿಯುವ ಮೊದಲೇ ಎದ್ದು ಹೊರಡುವವರಿಗೆ ಇದು ಆಗದ ಮಾತು. ಅಂಥವರಿಗೆ ಥೈರಾಯ್ಡ್ ಮಾತ್ರೆಯನ್ನು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು, ಮಲಗುವಾಗ ತೆಗೆದುಕೊಳ್ಳಿ ಅಂತ ಚೀಟಿಯಲ್ಲೇ ಬರೆದುಕೊಡುತ್ತೇನೆ.