ರಾತ್ರಿ ಫೋನಿನ ಭಯಕ್ಕೆ ನಾನು ಟ್ಯಾಪಿಂಗ್ ಮಾಡಿದ ಬಗೆ

ಟ್ಯಾಪಿಂಗ್ ಅಂದರೆ ನೋವಿನ ನೆನಪನ್ನು ಮನಸ್ಸಿಗೆ ತಂದುಕೊಂಡು, ಮೈಮೇಲಿನ ಕೆಲವು ಜಾಗಗಳನ್ನು ಬೆರಳಿನಿಂದ ಹಗುರವಾಗಿ ತಟ್ಟಿಕೊಳ್ಳುವುದು. ಮನಸ್ಸಿನ ನೋವಿಗೆ ಅದನ್ನು ಹೇಗೆ ಮಾಡಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ದುಃಖವನ್ನು ಇಡಿಯಾಗಿ ಎತ್ತಿಕೊಳ್ಳಬೇಡಿ. ಅದರೊಳಗಿನ ಒಂದೇ ಒಂದು ಗಳಿಗೆಯನ್ನು ಹಿಡಿಯಿರಿ.

ನನಗೆ ಸಿಕ್ಕ ಗಳಿಗೆ ಒಂದು ಫೋನ್ ಕರೆ. ನಡುರಾತ್ರಿ ತಮ್ಮ ಫೋನ್ ಮಾಡಿ, "ಅಕ್ಕಾ, ಬೇಗ ಹೊರಟು ಬಾ" ಅಂದಿದ್ದ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಪ್ಪ ಇರಲಿಲ್ಲ. ವರ್ಷ ಕಳೆದರೂ ಹೊತ್ತಲ್ಲದ ಹೊತ್ತಲ್ಲಿ ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತಿತ್ತು, ಕೈ ತಣ್ಣಗಾಗುತ್ತಿತ್ತು. "ಅಪ್ಪನ ಸಾವಿನ ದುಃಖ" ಅಂದುಕೊಂಡು ಕೂತರೆ ಸುಮ್ನೆ ಅಳು ಬರುತ್ತಿತ್ತು, ಅಷ್ಟೇ. ಆ ರಿಂಗ್ ಸದ್ದು, ತಮ್ಮನ ದನಿ, ಇವೆರಡನ್ನೇ ಹಿಡಿದಾಗ ಕೆಲಸ ಶುರುವಾಯಿತು.

ಈ ಪದ್ಧತಿಯ ಬೇರು ಅಮೆರಿಕದ್ದು. 1980ರಲ್ಲಿ ರೋಜರ್ ಕ್ಯಾಲಹನ್ ಎಂಬ ಮನಶ್ಶಾಸ್ತ್ರಜ್ಞ, ನೀರು ಕಂಡರೆ ಹೆದರುತ್ತಿದ್ದ ಮಹಿಳೆಗೆ ಕಣ್ಣಿನ ಕೆಳಗೆ ತಟ್ಟಿಕೊಳ್ಳಲು ಹೇಳಿದರು. ಅವರ ಶಿಷ್ಯ ಗ್ಯಾರಿ ಕ್ರೇಗ್ 1990ರ ದಶಕದಲ್ಲಿ ಅದನ್ನೇ ಯಾರು ಬೇಕಾದರೂ ಕಲಿಯುವಷ್ಟು ಸರಳ ಮಾಡಿ ಇಎಫ್‌ಟಿ (ಎಮೋಷನಲ್ ಫ್ರೀಡಂ ಟೆಕ್ನಿಕ್ಸ್) ಎಂದು ಹೆಸರಿಟ್ಟರು.

ನಾನು ಮಾಡಿದ್ದು ಹೀಗೆ. ಬಾಗಿಲು ಹಾಕಿಕೊಂಡು, ಪಾದ ನೆಲಕ್ಕೆ ತಾಗುವಂತೆ ಕುರ್ಚಿಯಲ್ಲಿ ಕೂತೆ. ಆ ಕರೆಯನ್ನು ನೆನೆದು ತಳಮಳಕ್ಕೆ 0ಯಿಂದ 10ರೊಳಗೆ ಒಂದು ಅಂಕಿ ಕೊಟ್ಟೆ. ನನ್ನದು 9. ಆಮೇಲೆ ಅಂಗೈಯ ಪಕ್ಕ, ಕಿರುಬೆರಳಿನ ಕೆಳಗಿನ ಮೆತ್ತನೆಯ ಜಾಗವನ್ನು ಇನ್ನೊಂದು ಕೈಯ ಬೆರಳುಗಳಿಂದ ತಟ್ಟುತ್ತಾ, "ಫೋನ್ ಸದ್ದಿಗೆ ನನ್ನ ಎದೆ ಹಿಂಡುತ್ತೆ, ಆದರೂ ನಾನು ನನ್ನನ್ನು ಪೂರ್ತಿಯಾಗಿ ಒಪ್ಪಿಕೊಳ್ತೀನಿ" ಅಂತ ಮೂರು ಸಲ ಹೇಳಿದೆ. ಬಾಯಿಬಿಟ್ಟೇ ಹೇಳಬೇಕು, ಮನೆಯಲ್ಲಿ ಆಡುವ ಮಾತಿನಲ್ಲೇ.

ನಂತರ ಹುಬ್ಬಿನ ಒಳತುದಿ, ಕಣ್ಣಿನ ಪಕ್ಕದ ಮೂಳೆ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದದ ಗುಳಿ, ಕೊರಳ ಮೂಳೆಯ ಕೆಳಗೆ, ಕಂಕುಳಿಂದ ನಾಲ್ಕು ಬೆರಳು ಕೆಳಗೆ, ಕೊನೆಗೆ ನೆತ್ತಿ. ಒಂದೊಂದು ಕಡೆ ಏಳೆಂಟು ಸಲ ಹಗುರವಾಗಿ ತಟ್ಟುತ್ತಾ "ಈ ಫೋನ್ ಸದ್ದು... ಈ ಎದೆ ಹಿಂಡುವಿಕೆ" ಅನ್ನುತ್ತಾ ಹೋದೆ. ಒಂದು ಸುತ್ತು ಮುಗಿದ ಮೇಲೆ ದೀರ್ಘ ಉಸಿರು, ಮತ್ತೆ ಅಂಕಿ.

ಅಂಕಿ ಇಳಿಯುತ್ತಾ ಬಂದು ಒಂದು ಕಡೆ ನಿಂತುಬಿಟ್ಟಿತು. ಎದೆ ಹಗುರಾಗಿತ್ತು, ಆದರೆ ಗಂಟಲು ಕಟ್ಟಿತ್ತು. ಗಮನಿಸಿದರೆ ಅದು ಹೆದರಿಕೆ ಅಲ್ಲ, ಸಿಟ್ಟು. "ಇನ್ನೂ ಮುಂಚೆ ಯಾಕೆ ಫೋನ್ ಮಾಡಲಿಲ್ಲ" ಅಂತ ತಮ್ಮನ ಮೇಲಿದ್ದ ಸಿಟ್ಟು! ಅದು ನನ್ನೊಳಗಿದೆ ಅಂತ ನನಗೇ ಗೊತ್ತಿರಲಿಲ್ಲ. ಟ್ಯಾಪಿಂಗ್‌ನಲ್ಲಿ ಇದು ತುಂಬಾ ಮುಖ್ಯವಾದ ಘಟ್ಟ. ಒಂದು ಪದರ ಸರಿದಾಗ ಕೆಳಗಿನದು ಕಾಣುತ್ತದೆ. ಆಗ ಹಳೆಯ ಮಾತನ್ನೇ ಹೇಳುತ್ತಾ ಕೂರಬಾರದು. ಹೊಸದಕ್ಕೆ ಹೊಸ ಮಾತು, ಹೊಸ ಅಂಕಿ. ಸಿಟ್ಟಿಗೆ ಬೇರೆಯಾಗಿ ತಟ್ಟಿದ ದಿನವೇ ನನಗೆ ಜಾಸ್ತಿ ಅಳು ಬಂದಿದ್ದು, ಜಾಸ್ತಿ ನಿದ್ದೆ ಬಂದಿದ್ದೂ ಅವತ್ತೇ. ದಿನಾ ಸಂಜೆ ಸ್ವಲ್ಪ ಹೊತ್ತು ಮಾಡುತ್ತಾ ಬಂದಂತೆ ಫೋನಿನ ಸದ್ದು ಬರೀ ಸದ್ದಾಯಿತು.

ಇದು ಹೇಗೆ ಕೆಲಸ ಮಾಡುತ್ತದೆ? ಮೈಯೊಳಗಿನ ಶಕ್ತಿ ಹರಿಯುವ ದಾರಿ ಸರಿಹೋಗುತ್ತದೆ ಅನ್ನುತ್ತಾರೆ. ಆ ಮಾತಿಗೆ ಪುರಾವೆ ಇಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಮ್ಮ ಮೈಯ ಬದಲು ಗೊಂಬೆಯನ್ನು ತಟ್ಟಿದವರಿಗೂ ಭಯ ಕಡಿಮೆಯಾಗಿತ್ತು. ಹಾಗಾಗಿ ಜಾಗ ಒಂದು ಬೆರಳು ಆಚೀಚೆ ಆಯಿತು ಅಂತ ಯಾರೂ ಕೊರಗಬೇಕಿಲ್ಲ. ಕಹಿ ನೆನಪಿನ ಎದುರು ಓಡಿಹೋಗದೆ ಕೂರುವುದಕ್ಕೆ ಆ ತಟ್ಟುವಿಕೆ ಆಸರೆಯಾಗುತ್ತದೆ ಅನ್ನುವುದು ನನ್ನ ನಂಬಿಕೆ.

ಎಲ್ಲ ನೋವಿಗೂ ಒಬ್ಬರೇ ಕೂತು ಇದನ್ನು ಮಾಡಬೇಡಿ. ದೌರ್ಜನ್ಯ, ಭೀಕರ ಅಪಘಾತದಂಥ ನೆನಪುಗಳು ಒಮ್ಮೆಲೇ ನುಗ್ಗಿ ಬಂದರೆ ತಡೆದುಕೊಳ್ಳುವುದು ಕಷ್ಟ. ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವೇ ನಿಲ್ಲಿಸಬೇಡಿ, ಅವರಿಗೆ ತಿಳಿಸಿಯೇ ಇದನ್ನು ಶುರು ಮಾಡಿ. ತಟ್ಟುವಾಗ ಉಸಿರು ಕಟ್ಟಿದಂತಾದರೆ ಅಲ್ಲಿಗೇ ಬಿಟ್ಟು, ಕಣ್ಣು ತೆರೆದು, ಎದುರಿಗಿರುವ ವಸ್ತುಗಳ ಹೆಸರು ಹೇಳುತ್ತಾ ಹೋಗಿ. ಮಾತಾಡಲು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.