ಸಿರಾ ದಾಟಿದ ನೆನಪಿಲ್ಲ

ನಮ್ಮ ಊರು ಹಾವೇರಿ ಕಡೆಯದು. ರಾಜಾಜಿನಗರದ ಮನೆಯಿಂದ ಸುಮಾರು 340 ಕಿಲೋಮೀಟರ್. ದೀಪಾವಳಿಗೆ ಪ್ರತಿವರ್ಷ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಮೊದಲೆಲ್ಲ ನನ್ನದು ಒಂದೇ ಲೆಕ್ಕ. ಕಚೇರಿ ಮುಗಿಸಿ ಬಂದು, ಬ್ಯಾಗುಗಳನ್ನು ಡಿಕ್ಕಿಗೆ ತುರುಕಿ, ನಡುರಾತ್ರಿ ಹೊರಟರೆ ಗೊರಗುಂಟೆಪಾಳ್ಯದ ದಟ್ಟಣೆ ತಪ್ಪುತ್ತದೆ, ಬೆಳಗಿನ ಕಾಫಿಗೆ ಅಮ್ಮನ ಮುಂದಿರಬಹುದು. (ಬೆಂಗಳೂರಿನ ಅರ್ಧ ಜನ ಇದೇ ಲೆಕ್ಕ ಹಾಕುವುದರಿಂದ ದಟ್ಟಣೆಯೇನೂ ತಪ್ಪುತ್ತಿರಲಿಲ್ಲ.)

ಒಂದು ವರ್ಷ ಹಾಗೆಯೇ ಹೊರಟಿದ್ದೆ. ಹಿರಿಯೂರು ಹತ್ತಿರವಾದಾಗ ಬೆಳಗಿನ ಜಾವ ಮೂರು. ಎಡಗಡೆಯ ಚಕ್ರ ರಸ್ತೆಯಂಚಿನ ಜಲ್ಲಿ ಹತ್ತಿ ಕರಕರ ಎಂದಿತು. ಹೆಂಡತಿ “ರೀ!” ಎಂದು ಭುಜ ಹಿಡಿದಳು.

“ನಾನೇನು ನಿದ್ದೆ ಮಾಡಿಲ್ಲ” ಎಂದೆ.

“ಹಾಗಾದರೆ ಸಿರಾ ಯಾವಾಗ ದಾಟಿತು, ಹೇಳಿ.”

ಹೇಳಲಾಗಲಿಲ್ಲ. ಕಣ್ಣು ತೆರೆದೇ ಇತ್ತು, ಮೆದುಳು ಮಾತ್ರ ರಜೆ ಹಾಕಿತ್ತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡಿನ ಜೋಂಪು ಎಂದರೆ ಸುಮಾರು 90 ಮೀಟರ್ ಕಾರು ತನ್ನ ಪಾಡಿಗೆ ತಾನು ಹೋಯಿತು ಎಂದೇ ಲೆಕ್ಕ.

ಆಮೇಲೆ ಯೋಚಿಸಿದಾಗ ತಿಳಿದದ್ದು, ನಾನು ದಣಿದದ್ದು ಹೆದ್ದಾರಿಯಲ್ಲಲ್ಲ, ಬೆಂಗಳೂರಿನಲ್ಲೇ. ಬೆಳಿಗ್ಗೆ ಆರಕ್ಕೆ ಎದ್ದವನು ಮರುದಿನ ಬೆಳಗಿನ ಜಾವ ಮೂರಕ್ಕೆ ಸ್ಟಿಯರಿಂಗ್ ಹಿಡಿದಿದ್ದೆ. ಎರಡರಿಂದ ಐದರವರೆಗೆ ದೇಹ ನಿದ್ದೆಯನ್ನೇ ಬೇಡುತ್ತದೆ. ಮಧ್ಯಾಹ್ನ ಊಟವಾದ ಮೇಲೂ ಇನ್ನೊಮ್ಮೆ ಬೇಡುತ್ತದೆ. ಕಿಟಕಿ ಇಳಿಸಿದ್ದೇನೆ, ಹಾಡು ಜೋರು ಮಾಡಿದ್ದೇನೆ, ಮುಖಕ್ಕೆ ನೀರು ಚಿಮುಕಿಸಿಕೊಂಡಿದ್ದೇನೆ, ಹುರಿಗಡಲೆ ಜಗಿದಿದ್ದೇನೆ. ಯಾವುದೂ ಹತ್ತು ನಿಮಿಷಕ್ಕಿಂತ ಹೆಚ್ಚು ಬಾಳಲಿಲ್ಲ. ಒಮ್ಮೆಯಂತೂ ನೆಗಡಿಗೆ ಸೆಟಿರಿಜಿನ್ ಮಾತ್ರೆ ನುಂಗಿ ಹೊರಟು, ನೆಲಮಂಗಲಕ್ಕೇ ಆಕಳಿಕೆ ಶುರುವಾಗಿ ವಾಪಸು ಬಂದಿದ್ದೆ.

ಈಗ ಹೊರಡುವ ಹಿಂದಿನ ದಿನ ಅರ್ಧ ರಜೆ ಹಾಕುತ್ತೇನೆ. ಅದು ಹಬ್ಬಕ್ಕಲ್ಲ, ನಿದ್ದೆಗೆ. ಸಂಜೆಯೊಳಗೆ ಡಿಕ್ಕಿ ತುಂಬಿರಬೇಕು, ಒಂಬತ್ತೂವರೆಗೆ ಮಲಗಿರಬೇಕು. ಹೊರಡುವುದು ಬೆಳಿಗ್ಗೆ ಐದೂವರೆಗೆ. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ, ಒಂದೇ. ಎರಡನೆಯದಕ್ಕೆ ಆಸೆಯಾಗುತ್ತದೆ, ತಿನ್ನುವುದಿಲ್ಲ.

ಘಟ್ಟದ ರಸ್ತೆ ಚಾಲಕನನ್ನು ಎಚ್ಚರವಾಗಿಡುತ್ತದೆ. ಮಲಗಿಸುವುದು ಸಿರಾದಿಂದ ಚಿತ್ರದುರ್ಗದವರೆಗಿನ ಇಂಥ ನೇರ ರಸ್ತೆ. ಹಾಗಾಗಿ ದುರ್ಗದ ಗಾಳಿಯಂತ್ರಗಳು ಕಾಣುವ ಮೊದಲೇ, ನಿದ್ದೆ ಬರಲಿ ಬಿಡಲಿ, ಹೋಟೆಲ್ ಒಂದರ ನೆರಳಿನಲ್ಲಿ ಕಾರು ನಿಲ್ಲಿಸುತ್ತೇನೆ. ಮೊದಲು ಕಾಫಿ ಕುಡಿಯುತ್ತೇನೆ, ಕೂಡಲೇ ಸೀಟು ಹಿಂದಕ್ಕೆ ಚಾಚಿ ಮಲಗುತ್ತೇನೆ. ಕಾಫಿ ಕುಡಿದು ಮಲಗುವುದೇ ಎಂದು ಮಾವ ನಕ್ಕಿದ್ದರು. ಆದರೆ ಕಾಫಿಯ ಕೆಫೀನ್ ಕೆಲಸ ಶುರುಮಾಡಲು ಇಪ್ಪತ್ತು ನಿಮಿಷವಾದರೂ ಬೇಕು. ಅಷ್ಟರಲ್ಲಿ ಒಂದು ಸಣ್ಣ ನಿದ್ದೆ ಮುಗಿದಿರುತ್ತದೆ. ಮಗಳು ಮೊಬೈಲ್ ಹಿಡಿದು ಕಾಯುತ್ತಾಳೆ. ಇಪ್ಪತ್ತು ಎಂದರೆ ಇಪ್ಪತ್ತೇ. ಒಮ್ಮೆ ಅವಳು ಪಾಪವೆಂದು ಮುಕ್ಕಾಲು ಗಂಟೆ ಬಿಟ್ಟಾಗ ಎದ್ದ ಮೇಲೂ ತಲೆ ಭಾರವಾಗಿ, ಇನ್ನರ್ಧ ಗಂಟೆ ಅಲ್ಲೇ ಅಡ್ಡಾಡಬೇಕಾಯಿತು.

ಬಸ್ಸು, ಲಾರಿ ಓಡಿಸುವವರಿಗೆ ದಿನಕ್ಕೆ 8 ಗಂಟೆ ದುಡಿಮೆ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು 2025ರವರೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಿತ್ತು. ಸ್ವಂತ ಕಾರಿನವನಿಗೆ ಅಂಥದ್ದಿಲ್ಲ. ನನಗೆ ಹೆಂಡತಿಯ ಕಾಯ್ದೆ: ಎರಡು ಗಂಟೆಗೊಮ್ಮೆ ಇಳಿಯಬೇಕು, ದಾವಣಗೆರೆಯಿಂದ ಮುಂದೆ ಅವಳೇ ಓಡಿಸುತ್ತಾಳೆ.

ಹೋಗುವುದಕ್ಕಿಂತ ಬರುವುದೇ ಕಷ್ಟ. ಹಬ್ಬ ಮುಗಿದ ಭಾನುವಾರ, “ಇನ್ನೊಂದು ಹಾಕಿಸಿಕೊ” ಎಂದು ಅಮ್ಮ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಾಳೆ. ಅದನ್ನು ತಿಂದು ಎರಡು ಗಂಟೆಯ ಬಿಸಿಲಿಗೆ ಹೊರಡುವುದೆಂದರೆ ಹಾಸಿಗೆ ಹಾಸಿಕೊಂಡು ಕಾರು ಓಡಿಸಿದಂತೆ. ಅದಕ್ಕೇ ಈಗ ಅಂದು ಉಳಿದು, ಸೋಮವಾರ ನಸುಕಿನಲ್ಲಿ ಹೊರಡುತ್ತೇವೆ. ಹೋಳಿಗೆ ಡಬ್ಬಿಯಲ್ಲಿ ಬರುತ್ತದೆ. ಬೆಂಗಳೂರು ಮುಟ್ಟುವವರೆಗೆ ಬಿಚ್ಚಬಾರದು ಎಂದು ಹೇಳಿರುತ್ತೇನೆ. ಸರಿಯಾಗಿ ಸಿರಾ ದಾಟುವಾಗ ಹಿಂದಿನ ಸೀಟಿನಲ್ಲಿ ಮುಚ್ಚಳ ತೆಗೆದ ಸದ್ದು ಕೇಳಿಸುತ್ತದೆ.